ನೀರುಂಡು ಸತ್ತ ಮರಳುಗಾಡಿನ ಹೂ: ಟೂಸಾನ್‌ನ ಒಂದು ಅಂಗಳದ ಪ್ರಕರಣ

ಆ ಅಂಗಳಕ್ಕೆ ನಾನು ಮೊದಲ ಸಲ ಕಾಲಿಟ್ಟದ್ದು 2020ರ ಸೆಪ್ಟೆಂಬರ್‌ನಲ್ಲಿ. ನೆಟ್ಟ ಹನ್ನೆರಡು ಗಿಡಗಳಲ್ಲಿ ಒಂಬತ್ತು ಅಷ್ಟರಲ್ಲಿ ಸತ್ತಿದ್ದವು. “ಬಿಸಿಲಿಗೆ ಸುಟ್ಟುಹೋದವು, ಎಷ್ಟು ನೀರು ಹಾಕಿದರೂ ಉಳಿಯಲಿಲ್ಲ” ಎಂದರು ಮನೆಯೊಡತಿ. ಸತ್ತ ಗಿಡವೊಂದರ ಬುಡ ಹಿಡಿದು ಮೆಲ್ಲಗೆ ಎಳೆದೆ. ಒಣನೆಲದಲ್ಲಿ ಸತ್ತ ಗಿಡ ಅಷ್ಟು ಸುಲಭಕ್ಕೆ ಕೈಗೆ ಬರುವುದಿಲ್ಲ. ಇದು ಬಂತು. ಬೇರು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಸಿಪ್ಪೆ ಬೆರಳಿಗೆ ಜಾರಿಬಂತು, ಮೂಗಿಗೆ ಕೊಳೆತ ವಾಸನೆ ಹೊಡೆಯಿತು. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಹಸಿ.

ಆ ವರ್ಷ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಮಳೆಗಾಲವೇ ಆಗಿರಲಿಲ್ಲ ಎನ್ನಬೇಕು. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಅಲ್ಲಿಯ ಮಾನ್ಸೂನಿನಲ್ಲಿ ಬಿದ್ದದ್ದು ಸುಮಾರು 41 ಮಿಲಿಮೀಟರ್. ಇಡೀ ಊರು ಬಾಯಾರಿದ್ದ ವರ್ಷದಲ್ಲಿ ಈ ಅಂಗಳದ ಮರಳುಗಾಡಿನ ಹೂಗಿಡಗಳು ನೀರು ಹೆಚ್ಚಾಗಿ ಸತ್ತಿದ್ದವು. ಈ ಪ್ರಕರಣವನ್ನು ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಗಿಡ ಮತ್ತು ನೆಲ

ಗಿಡದ ಹೆಸರು ಡೆಸರ್ಟ್ ಮಾರಿಗೋಲ್ಡ್, ಸಸ್ಯಶಾಸ್ತ್ರದಲ್ಲಿ ಬೈಲೇಯಾ ಮಲ್ಟಿರೇಡಿಯೇಟಾ. ಮಾರಿಗೋಲ್ಡ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಚೆಂಡುಹೂ ಇದಲ್ಲ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು ಎಂಬುದಷ್ಟೇ ನಂಟು. ಅಮೆರಿಕದ ನೈಋತ್ಯ ರಾಜ್ಯಗಳು ಮತ್ತು ಉತ್ತರ ಮೆಕ್ಸಿಕೊ ಇದರ ತವರು. ಹತ್ತೊಂಬತ್ತನೆಯ ಶತಮಾನದ ಸೂಕ್ಷ್ಮದರ್ಶಕ ತಜ್ಞ ಜೇಕಬ್ ವಿಟ್‌ಮನ್ ಬೈಲಿಯ ಹೆಸರು ಇದರ ಕುಲಕ್ಕೆ ಬಂದಿದೆ. ಎಲೆಯ ಮೇಲೆ ಬೂದುಬಣ್ಣದ ದಟ್ಟ ತುಪ್ಪಳ. ಬಿಸಿಲನ್ನು ಹಿಂದಕ್ಕೆ ಹೊಡೆಯುವುದು, ಎಲೆಯಿಂದ ಆರಿಹೋಗುವ ತೇವವನ್ನು ತಡೆಯುವುದು ಅದರ ಕೆಲಸ. ಬುಡದಲ್ಲಿ ಎಲೆಗಳ ಗುಂಪು, ಅದರಿಂದ ಮೇಲೆದ್ದ ಉದ್ದನೆಯ ಬೋಳು ತೊಟ್ಟುಗಳು, ಒಂದೊಂದರ ತುದಿಗೆ ಒಂದೊಂದು ಕಡುಹಳದಿ ಹೂ. ದಳಗಳು ಸಾಲುಸಾಲಾಗಿ ಒತ್ತಾಗಿರುತ್ತವೆ. ಒಣಗಿದ ಮೇಲೂ ಉದುರದೆ ಬಿಳಿಚಿಕೊಂಡು ಕಾಗದದ ಹಾಗೆ ನಿಲ್ಲುತ್ತವೆ. ಗಿಡದ ಎತ್ತರ ಒಂದರಿಂದ ಒಂದೂವರೆ ಅಡಿ. ಹದ ಸಿಕ್ಕಿದರೆ ಮಾರ್ಚಿನಿಂದ ನವೆಂಬರ್‌ವರೆಗೂ ಬಿಟ್ಟುಬಿಟ್ಟು ಹೂವಾಗುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇಡೀ ಪ್ರಕರಣ ಅದರ ಸುತ್ತಲೇ ತಿರುಗಿತು. ಈ ಗಿಡಕ್ಕೆ ಆಯುಸ್ಸು ಕಡಿಮೆ. ಕೆಲವು ಒಂದೇ ವರ್ಷಕ್ಕೆ ಮುಗಿಯುತ್ತವೆ, ಕೆಲವು ಎರಡು ಮೂರು ವರ್ಷ ಬಾಳುತ್ತವೆ. ಮರಳುಗಾಡಿನಲ್ಲಿ ಇದು ಉಳಿದುಬಂದದ್ದು ಬೀಜದ ಬಲದಿಂದ.

ಇನ್ನು ನೆಲ. ಟೂಸಾನ್ ಸೊನೋರಾ ಮರಳುಗಾಡಿನೊಳಗಿನ ಊರು. ವರ್ಷಕ್ಕೆ ಮುನ್ನೂರು ಮಿಲಿಮೀಟರ್‌ಗಿಂತ ತುಸು ಕಡಿಮೆ ಮಳೆ, ಅದೂ ಎರಡು ಪಾಲಾಗಿ: ಚಳಿಗಾಲದಲ್ಲಿ ಸೋನೆ, ಬೇಸಿಗೆಯ ಕೊನೆಗೆ ಗುಡುಗುಮಳೆ. ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಣ್ಣು ಕ್ಷಾರ. ಅನೇಕ ಕಡೆ ಅದರಡಿಗೆ ಕಲೀಚೆ ಎಂಬ ಸುಣ್ಣದ ಪದರ ಇರುತ್ತದೆ. ಕೆಲವೆಡೆ ಗಾರೆಯಷ್ಟು ಗಟ್ಟಿ, ಹಾರೆಗೂ ಜಗ್ಗುವುದಿಲ್ಲ.

ಮನೆಯೊಡತಿ ತಂಪುನಾಡಿನಿಂದ ಅಲ್ಲಿಗೆ ಬಂದು ನೆಲೆಸಿದವರು. ಹುಲ್ಲುಹಾಸನ್ನು ಕಿತ್ತುಹಾಕಿ, ಅಂಗಳಕ್ಕೆಲ್ಲ ಕಳೆ ಏಳದಂತೆ ಕಪ್ಪು ಬಟ್ಟೆ ಹಾಸಿ, ಮೇಲೆ ಜಲ್ಲಿ ಹರಡಿಸಿದ್ದರು. ನೀರು ಉಳಿಯಲಿ, ನೆಲದ ಹೂವೇ ಅರಳಲಿ ಎಂಬ ಆಸೆ. ಆಸೆ ಸರಿಯಾಗಿಯೇ ಇತ್ತು. 2019ರ ಅಕ್ಟೋಬರ್‌ನಲ್ಲಿ ಕುಂಡದಲ್ಲಿ ಬೆಳೆದ ಹನ್ನೆರಡು ಗಿಡ ತಂದು, ಬಟ್ಟೆಯಲ್ಲಿ ತೂತು ಕೊಯ್ದು, ಒಂದೊಂದು ಗುಂಡಿಗೂ ಎರಡೆರಡು ಬುಟ್ಟಿ ಕಾಂಪೋಸ್ಟ್ ಹಾಕಿ ನೆಟ್ಟರು. ಹನಿ ನೀರಾವರಿಯ ಗಡಿಯಾರವನ್ನು ದಿನ ಬಿಟ್ಟು ದಿನಕ್ಕೆ ತಿರುಗಿಸಿದರು.

ಮರುವರ್ಷದ ಮಾರ್ಚಿನಲ್ಲಿ ಗಿಡಗಳು ಹುಚ್ಚೆದ್ದು ಹೂಬಿಟ್ಟವು. ಆಗಿನ ಚಿತ್ರಗಳನ್ನು ಅವರು ನನಗೆ ತೋರಿಸಿದರು. ಅದು ಸೊಗಸಲ್ಲ, ಸೊಕ್ಕು. ಎಲೆ ಬೂದುಬಣ್ಣ ಬಿಟ್ಟು ಹಸಿರಾಗಿತ್ತು, ತೊಟ್ಟುಗಳು ತಮ್ಮ ಭಾರ ತಾಳದೆ ನೆಲಕ್ಕೆ ಬಾಗಿದ್ದವು. ಜೂನ್ ಬಂತು, ಎಲೆ ಜೋಲುಬಿತ್ತು. ಬಾಯಾರಿಕೆ ಎಂದುಕೊಂಡು ಅವರು ದಿನವೂ ನೀರು ಬಿಟ್ಟರು. ಇನ್ನಷ್ಟು ಜೋಲುಬಿತ್ತು. ದಿನಕ್ಕೆರಡು ಸಲ ಬಿಟ್ಟರು.

ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಇರುವುದಿಲ್ಲ. ಉಸಿರುಕಟ್ಟಿದ ಬೇರು ಸುತ್ತ ನೀರಿದ್ದರೂ ಹೀರಲಾರದು. ಬಿಸಿ ಮಣ್ಣು, ಬಿಡದ ತೇವ ಎರಡೂ ಕೂಡಿದರೆ ಬೇರುಕೊಳೆ ರೋಗಕ್ಕೆ ಹಬ್ಬ. ಹಾಗಾಗಿ ಎಲೆ ಮಾತ್ರ ನೀರಿಲ್ಲದ ಗಿಡದ ಎಲೆಯಂತೆಯೇ ಜೋಲುತ್ತದೆ. ಕಣ್ಣಿಗೆ ಎರಡೂ ಒಂದೇ. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿದವರಿಗಷ್ಟೇ ಬೇರೆ ಬೇರೆ. ಈ ಮನೆಯಲ್ಲಿ ಯಾರೂ ಬೆರಳು ಇಳಿಸಿರಲಿಲ್ಲ. ಜಲ್ಲಿಯ ಮೇಲ್ಮೈ ಒಣಗಿ ಸುಡುತ್ತಿತ್ತು, ಅದನ್ನೇ ನಂಬಿದ್ದರು.

ಉಳಿದ ಮೂರು

ಮೂರು ಗಿಡ ಉಳಿದಿದ್ದವು, ಮೂರೂ ಕಾರು ನಿಲ್ಲುವ ದಾರಿಯ ಅಂಚಿನವು. ಎಲೆ ಬೂದು, ಗಿಡ ಗಿಡ್ಡ, ಆದರೂ ತುದಿಯಲ್ಲಿ ನಾಲ್ಕಾರು ಹೂ. “ಇವಕ್ಕೆ ಬೇರೆ ಏನಾದರೂ ಮಾಡಿದ್ದಿರಾ?” ಎಂದು ಕೇಳಿದೆ. ಇಲ್ಲ, ಎಲ್ಲಕ್ಕೂ ಒಂದೇ ಆರೈಕೆ ಅಂದರು. ಹನಿ ನಳಿಕೆಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಆ ಮೂರು ಗಿಡದ ನಳಿಕೆಗಳ ಬಾಯಿ ಸುಣ್ಣ ಕಟ್ಟಿ ಮುಚ್ಚಿಹೋಗಿತ್ತು. ಅಲ್ಲಿಯ ನಲ್ಲಿನೀರು ಗಡಸು, ನಳಿಕೆ ಕಟ್ಟಿಕೊಳ್ಳುವುದು ಅಪರೂಪವೇನಲ್ಲ. ತಿಂಗಳುಗಟ್ಟಲೆ ತೊಟ್ಟು ನೀರೂ ಸಿಗದ ಮೂರು ಗಿಡ ಬದುಕಿದ್ದವು, ದಿನಕ್ಕೆರಡು ಸಲ ಕುಡಿದ ಒಂಬತ್ತು ಸತ್ತಿದ್ದವು.

ನಾನು ಎಷ್ಟು ಬಿಡಿಸಿ ಹೇಳಿದ್ದರೂ ಅವರ ಮನಸ್ಸಿಗೆ ಇಳಿಯುತ್ತಿತ್ತೋ ಇಲ್ಲವೋ. ಸುಣ್ಣ ಕಟ್ಟಿದ ಆ ನಳಿಕೆಯನ್ನು ಅಂಗೈಯಲ್ಲಿ ಹಿಡಿದು ಅವರು ಬಹಳ ಹೊತ್ತು ಸುಮ್ಮನೆ ನಿಂತರು.

ದಿಬ್ಬ

ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿದೆವು. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಕಾದೆವು. ನಾಲ್ಕು ಗಂಟೆಯಲ್ಲಿ ಇಳಿದದ್ದು ಎರಡು ಬೆರಳು. ಸಲಾಕೆ ಇಳಿಸಿದರೆ ಒಂದೂವರೆ ಅಡಿಗೆ ಟಣ್ ಎಂದಿತು: ಕಲೀಚೆ. ಅಂದರೆ ಕಾಂಪೋಸ್ಟ್ ತುಂಬಿದ ಪ್ರತಿ ಗುಂಡಿಯೂ ಒಂದು ಬಟ್ಟಲು, ತಳ ಮುಚ್ಚಿದ ಬಟ್ಟಲು.

ಎರಡು ದಾರಿ ಇದ್ದವು. ಯಂತ್ರ ತಂದು ಕಲೀಚೆಯನ್ನು ಒಡೆಯುವುದು, ಇಲ್ಲವೆ ಅದನ್ನು ಅದರ ಪಾಡಿಗೆ ಬಿಟ್ಟು ಮೇಲೇರುವುದು. ಮನೆಯೊಡತಿಗೆ ಒಡೆಸುವ ಮನಸ್ಸು. ಮರ ನೆಡುವುದಾದರೆ ನಾನೂ ಹೌದೆನ್ನುತ್ತಿದ್ದೆ. ಒಂದೂವರೆ ಅಡಿ ಎತ್ತರದ ಹೂಗಿಡಕ್ಕೆ ಬಂಡೆ ಒಡೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಂಗಳದ ಒಂದು ಮೂಲೆಯಲ್ಲಿ, ಸುಮಾರು ಇಪ್ಪತ್ತು ಚದರ ಮೀಟರಿನಷ್ಟು ಜಾಗದಲ್ಲಿ, ಜಲ್ಲಿ ಸರಿಸಿ ಕಪ್ಪು ಬಟ್ಟೆಯನ್ನು ಪೂರ್ತಿ ತೆಗೆದೆವು. ಅಲ್ಲಿಯದೇ ಮಣ್ಣಿಗೆ ಒರಟು ಮರಳು, ಸಣ್ಣ ಜಲ್ಲಿ ಬೆರೆಸಿ ಒಂದಡಿ ಎತ್ತರದ, ಎಲ್ಲ ಕಡೆಗೂ ಇಳಿಜಾರಾದ ದಿಬ್ಬ ಕಟ್ಟಿದೆವು. ಕಾಂಪೋಸ್ಟ್ ಒಂದು ಹಿಡಿಯೂ ಇಲ್ಲ. “ಬರೀ ಮಣ್ಣಿಗೆ ಹೇಗೆ ಬಿತ್ತುವುದು?” ಎಂದು ಅವರು ಮತ್ತೆ ಮತ್ತೆ ಕೇಳಿದರು. ಗೊಬ್ಬರದ ಅನ್ನ ಹಾಕಿದರೆ ಈ ಗಿಡ ಬೇಗ ಕೊಬ್ಬಿ ಬೇಗ ಬೀಳುತ್ತದೆ ಎಂಬುದಕ್ಕೆ ಮಾರ್ಚಿನ ಅವರದೇ ಚಿತ್ರಗಳಿದ್ದವು.

ಕಪ್ಪು ಬಟ್ಟೆ ತೆಗೆದದ್ದರ ಕಾರಣ ಬೇರೆ. ತೂತಿನಲ್ಲಿ ನೆಟ್ಟ ಗಿಡ ಬದುಕೀತು, ಆದರೆ ಅದರಿಂದ ಉದುರಿದ ಬೀಜ ಬಟ್ಟೆಯ ಮೇಲೆ ಬಿದ್ದು ಎಲ್ಲಿ ಬೇರು ಬಿಡಬೇಕು? ಅಲ್ಪಾಯುಸ್ಸಿನ ಗಿಡಕ್ಕೆ ಅದು ವಂಶಕ್ಕೇ ಹಾಕಿದ ಬೀಗ.

ಊರಾಚೆಯ ರಸ್ತೆಬದಿಯಲ್ಲಿ ಬೇಕಾದಷ್ಟು ಗಿಡ ಇವೆಯಲ್ಲ, ನಾಲ್ಕು ಕಿತ್ತು ತರೋಣವೇ ಎಂದೂ ಕೇಳಿದ್ದರು. ಬೇಡವೆಂದೆ. ಬೇರೆಯವರ ನೆಲದ ಕಾಡುಗಿಡ ಕೀಳಲು ಒಡೆಯರ ಒಪ್ಪಿಗೆ ಬೇಕು, ಅರಿಜೋನಾದಲ್ಲಿ ಆ ನೆಲದ್ದೇ ಆದ ಸಸ್ಯಗಳಿಗೆಂದೇ ಕಾನೂನಿದೆ. ಅದಿಲ್ಲದಿದ್ದರೂ ಬೇರು ಇಳಿಸಿ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ನೆಲೆಗೊಳ್ಳುವುದು ಕಷ್ಟ.

ನವೆಂಬರ್‌ನಲ್ಲಿ ಬಿತ್ತಿದೆವು. ಕಾಡುಹೂಗಳ ಮಿಶ್ರಣವೆಂದು ಮಾರುವ ಪೊಟ್ಟಣ ಬೇಡವೆಂದು, ಇದೊಂದೇ ಜಾತಿಯ ಬೀಜ ತರಿಸಿದ್ದೆ. ಮಿಶ್ರಣಗಳಲ್ಲಿ ಎಷ್ಟೋ ಸಲ ಆ ಮರಳುಗಾಡಿನದ್ದೇ ಅಲ್ಲದ ಹೂಗಳೂ ಸೇರಿರುತ್ತವೆ. ಬೀಜಕ್ಕೆ ನಾಲ್ಕು ಪಾಲು ಮರಳು ಬೆರೆಸಿ ಚೆಲ್ಲಿ, ಕುಂಟೆಯ ಹಲ್ಲಿನಿಂದ ಮೇಲೆ ಮೇಲೆ ಕೆದಕಿ, ಅಂಗಾಲಿನಿಂದ ಒತ್ತಿದೆವು. ಆಳಕ್ಕೆ ಹೂಳಲಿಲ್ಲ. ಮೇಲ್ಮಣ್ಣು ಒಣಗದಂತೆ ಮೊದಲ ಕೆಲವು ವಾರ ಸಣ್ಣಗೆ ನೀರು ಚಿಮುಕಿಸುವುದು ಅವರ ಪಾಲಿನ ಕೆಲಸವಾಯಿತು.

ಮೊಳೆಯದ ಚಳಿಗಾಲ

ಡಿಸೆಂಬರ್ ಕಳೆಯಿತು. ಜನವರಿ ಕಳೆಯಿತು. ದಿಬ್ಬ ಬೋಳು. ನಾಲ್ಕಾರು ಎಳೆ ಮೊಳಕೆ ಕಂಡು ಮಾಯವಾದವು. ಬೀಜವೇ ಜೊಳ್ಳಿರಬೇಕು ಎಂದುಕೊಂಡೆ. ಉಳಿಸಿಟ್ಟಿದ್ದ ಬೀಜವನ್ನು ಒದ್ದೆ ಮರಳಿನ ತಟ್ಟೆಯಲ್ಲಿ ಹಾಕಿ ಕಿಟಕಿಯ ಬಳಿ ಇಟ್ಟೆ. ಎರಡೇ ವಾರದಲ್ಲಿ ತಟ್ಟೆ ಮೊಳಕೆಯಿಂದ ತುಂಬಿತು. ಬೀಜ ಸರಿಯಿತ್ತು, ಹಾಗಾದರೆ ಕೆಟ್ಟದ್ದು ದಿಬ್ಬ.

ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ಈ ಅಂಗಳಕ್ಕೆ ನೀವಲ್ಲದೆ ಬೇರೆ ಯಾರು ಕೈಹಾಕುತ್ತಾರೆ? ವರ್ಷಕ್ಕೆರಡು ಸಲ ಬಂದು ಕಳೆ ನೋಡಿಕೊಳ್ಳುವವರೊಬ್ಬರಿದ್ದರು. ನಾವು ಬಿತ್ತಿ ಮನೆಗೆ ಹೋದ ಮರುವಾರ ಅವರು ಬಂದು, ಎಂದಿನಂತೆ ಇಡೀ ಅಂಗಳಕ್ಕೆ, ದಿಬ್ಬವನ್ನೂ ಸೇರಿಸಿ, ಕಳೆ ಮೊಳೆಯದಂತೆ ತಡೆಯುವ ಔಷಧ ಹಾಕಿಹೋಗಿದ್ದರು. ಜಲ್ಲಿಯ ಅಂಗಳಗಳಲ್ಲಿ ಅದು ವಾಡಿಕೆ. ಮೊಳೆಯುವ ಬೀಜದ ಬೇರನ್ನು ಹುಟ್ಟಿನಲ್ಲೇ ಕುಗ್ಗಿಸುವ ಔಷಧ ಅದು, ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಯಾವುದು ಕಳೆ, ಯಾವುದು ಹೂ ಎಂಬುದು ಅದಕ್ಕೆ ತಿಳಿಯದು.

ಆತನದ್ದು ತಪ್ಪಿಲ್ಲ, ಅವನಿಗೆ ಹೇಳದೆ ಬಿತ್ತಿದ್ದು ನಮ್ಮ ತಪ್ಪು. ಆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು: ನೆಲ ನೋಡಿದ್ದೆ, ನೀರು ನೋಡಿದ್ದೆ, ಆ ಅಂಗಳದಲ್ಲಿ ಓಡಾಡುವ ಕೈಗಳನ್ನು ಎಣಿಸಿರಲಿಲ್ಲ. ಈಗ ಯಾವ ಅಂಗಳಕ್ಕೆ ಹೋದರೂ ಮೊದಲು ಕೇಳುವುದು ಇದನ್ನೇ.

ಮಣ್ಣು ಬದಲಿಸೋಣವೇ ಎಂದರು. ಕಾಯೋಣ ಎಂದೆ. ಔಷಧ ನಿಲ್ಲಿಸಿ, ದಿಬ್ಬದ ಕಳೆಯನ್ನು ಕೈಯಲ್ಲೇ ಕೀಳುತ್ತ ಒಂದು ವರ್ಷ ಬಿಟ್ಟುಬಿಡುವುದು. ಮನೆಯೊಡತಿಗೆ ಅದು ಬಹಳ ಕಷ್ಟದ ವರ್ಷವಾಗಿತ್ತು. ಬರಿಯ ಮಣ್ಣಿನ ಗುಡ್ಡೆಯನ್ನು ದಿನಾ ಕಿಟಕಿಯಿಂದ ನೋಡುತ್ತ ಏನೂ ಮಾಡದೆ ಇರುವುದಕ್ಕೆ ಗಟ್ಟಿ ಮನಸ್ಸು ಬೇಕು, ಅದು ಅವರಲ್ಲಿತ್ತು.

2021ರ ಮಳೆ

ಹಿಂದಿನ ವರ್ಷ ಮುಖ ತಿರುಗಿಸಿದ್ದ ಮಳೆ ಈ ಸಲ ಮುರಿದುಕೊಂಡು ಬಿತ್ತು. ಜುಲೈ ಒಂದರಲ್ಲೇ ಸುಮಾರು 205 ಮಿಲಿಮೀಟರ್, ಟೂಸಾನ್‌ನ ದಾಖಲೆಯಲ್ಲಿ ಅಷ್ಟು ಮಳೆ ಬಿದ್ದ ತಿಂಗಳು ಇನ್ನೊಂದಿಲ್ಲ. ಇಡೀ ಮಾನ್ಸೂನಿನದು 325 ಮಿಲಿಮೀಟರ್ ಸಮೀಪ. ಅಂಗಳದ ತಗ್ಗಿನಲ್ಲಿ ದಿನಗಟ್ಟಲೆ ನೀರು ನಿಂತಿತು. ದಾರಿಯಂಚಿನ ಆ ಮೂರು ಗಿಡಗಳಲ್ಲಿ ಎರಡು ಆ ನೀರಿನಲ್ಲೇ ಹೋದವು. ದಿಬ್ಬ ಮಾತ್ರ ಪ್ರತಿ ಮಳೆಯ ಮರುದಿನಕ್ಕೆ ಮೇಲ್ಗಡೆ ಒಣಗುತ್ತಿತ್ತು.

ಸೆಪ್ಟೆಂಬರ್ ಹೊತ್ತಿಗೆ ದಿಬ್ಬದ ಇಳಿಜಾರಿನಲ್ಲಿ ಬೂದುಬಣ್ಣದ ಏಳೆಂಟು ಸಸಿ ಕಂಡವು. ಹಿಂದಿನ ನವೆಂಬರ್‌ನಲ್ಲಿ ಬಿತ್ತಿ, ಮೊಳೆಯದೆ ಮಣ್ಣಿನಲ್ಲೇ ಮಲಗಿದ್ದ ಬೀಜ. ಎಲ್ಲ ಬೀಜವೂ ಒಟ್ಟಿಗೆ ಏಳದಿರುವುದೇ ಮರಳುಗಾಡಿನ ಗಿಡಗಳ ಜಾಣತನ. ಒಂದು ಸಲದ ಮಳೆ ಮೋಸಮಾಡಿದರೂ ನೆಲದಲ್ಲಿ ಇನ್ನೊಂದಿಷ್ಟು ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಬಿತ್ತಿದೆವು. ಈ ಸಲ ದಿಬ್ಬದ ಸುತ್ತ ಕಲ್ಲು ಸಾಲಿಟ್ಟು, ಒಳಗೆ ಔಷಧ ಬೇಡ ಎಂದು ಕಳೆಯವನಿಗೆ ಕೈಯಾರೆ ತೋರಿಸಿದೆವು.

ಡಿಸೆಂಬರ್‌ನಲ್ಲಿ ಆತ ಔಷಧ ಹಾಕಲಿಲ್ಲ, ಸಹಾಯವಾಗಲೆಂದು ಸಸಿಗಳನ್ನೇ ಕಳೆಯೆಂದು ಕಿತ್ತ. ನೆಲಕ್ಕಂಟಿದ, ಅಂಚು ಸೀಳಿದ, ಉಣ್ಣೆ ಹೊದ್ದಂಥ ಆ ಎಲೆಗುಚ್ಛವನ್ನು ನೋಡಿದವರು ಹೂವಿನ ಗಿಡ ಎಂದುಕೊಳ್ಳುವುದಿಲ್ಲ. ಅರ್ಧಭಾಗ ಕೀಳುವಷ್ಟರಲ್ಲಿ ಮನೆಯೊಡತಿ ನೋಡಿ ಓಡಿಬಂದರಂತೆ. ನನ್ನ ಕಿಟಕಿಯ ತಟ್ಟೆಯ ಸಸಿಗಳು ಆಗ ನೆರವಿಗೆ ಬಂದವು. ಅವುಗಳಲ್ಲಿ ಕೆಲವನ್ನು ಸಣ್ಣ ಕುಂಡಗಳಿಗೆ ದಾಟಿಸಿಟ್ಟಿದ್ದೆ, ಒಂದನ್ನು ಆ ಕಳೆಯವನ ಕೈಗೇ ಕೊಟ್ಟೆವು. ಗುರುತು ಸಿಗಲೆಂದು. ಆಮೇಲೆ ಆತ ಒಂದನ್ನೂ ಕೀಳಲಿಲ್ಲ. ಬಫೆಲ್ ಎಂಬ ಕಳೆಹುಲ್ಲಿನ ಮೊಳಕೆಯನ್ನು ನಮಗಿಂತ ಮುಂಚೆ ಗುರುತಿಸಿ ಕೀಳತೊಡಗಿದ.

ಮೊಲದ ಕಾಟಕ್ಕೆ ತಂತಿಬಲೆಯ ಗೂಡು ಹಾಕಿದ್ದಾಯಿತು. ಸಸಿ ಎಳೆಯದಾಗಿರುವಾಗ ಮಾತ್ರ ಅದು ಬೇಕಾಯಿತು.

ಎಣಿಕೆಯ ಜಗಳ

2022ರ ವಸಂತದಲ್ಲಿ ದಿಬ್ಬದ ಮೇಲೆ ಮೂವತ್ತೊಂದು ಗಿಡ ಹೂಬಿಟ್ಟವು. ಗಿಡ್ಡ, ಬೂದು, ನೆಟ್ಟಗೆ. ಮನೆಯೊಡತಿ ಒಂದೊಂದನ್ನೂ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರು. ಮೊದಲ ಬೇಸಿಗೆಗೆ ನೀರಿನ ಲೆಕ್ಕ ಹೀಗೆ ಮಾಡಿಕೊಂಡೆವು: ಮೂರು ವಾರಕ್ಕೊಮ್ಮೆ, ಸಂಜೆ, ಒಂದಡಿ ಆಳಕ್ಕೆ ಇಳಿಯುವಷ್ಟು, ಅದೂ ಸಲಾಕೆ ಇಳಿಸಿ ನೋಡಿ ಕೆಳಗೆ ಒಣಗಿದ್ದರೆ ಮಾತ್ರ. ಮಳೆ ಬಿದ್ದರೆ ಅದೂ ಇಲ್ಲ.

ತಕರಾರು ಬಂದದ್ದು ಒಣಹೂವಿನ ವಿಷಯದಲ್ಲಿ. ಬಾಡಿದ ಹೂವನ್ನು ಕತ್ತರಿಸುತ್ತಿದ್ದರೆ ಗಿಡ ಹೊಸ ಮೊಗ್ಗು ಬಿಡುತ್ತಲೇ ಇರುತ್ತದೆ, ಅದು ನಿಜ. ಅವರು ದಿನವೂ ಕತ್ತರಿ ಹಿಡಿದು ಕೂರುತ್ತಿದ್ದರು, ದಿಬ್ಬ ಮದುವೆಮನೆಯಂತಿತ್ತು. ಒಂದು ಬೀಜವೂ ನೆಲಕ್ಕೆ ಬೀಳುತ್ತಿರಲಿಲ್ಲ. ಅರ್ಧ ದಿಬ್ಬವನ್ನಾದರೂ ಬಿಡಿ ಎಂದು ನಾನು, ಒಣಕಡ್ಡಿ ನೋಡಿ ಬಡಾವಣೆಯವರು ಏನೆಂದಾರು ಎಂದು ಅವರು. ಕೊನೆಗೆ ರಸ್ತೆಯ ಕಡೆಯ ಅರ್ಧ ಅವರ ಕತ್ತರಿಗೆ, ಮನೆಯ ಕಡೆಯ ಅರ್ಧ ಬೀಜಕ್ಕೆ ಎಂದು ಹಂಚಿಕೊಂಡೆವು. ನೋಟ ತುಂಬಲೆಂದು ನಡುನಡುವೆ ಅದೇ ಮರಳುಗಾಡಿನ ಬ್ರಿಟಲ್‌ಬುಷ್ ಎಂಬ ಪೊದೆಗಳನ್ನೂ ಹಾಕಿದೆವು.

2023ರ ಫೆಬ್ರವರಿಯಲ್ಲಿ ಫೋನ್ ಬಂತು. ದನಿ ಒಡೆದಿತ್ತು. ಮೂವತ್ತೊಂದರಲ್ಲಿ ಹದಿನಾಲ್ಕೇ ಉಳಿದಿವೆ, ಮತ್ತೆ ಅದೇ ಕಥೆ, ನೀರು ಹಾಕಿದರೆ ಸಾಯುತ್ತವೆ, ಹಾಕದಿದ್ದರೂ ಸಾಯುತ್ತವೆ. ಹೋಗಿ ಸತ್ತವನ್ನು ಕಿತ್ತು ನೋಡಿದೆ. ಬೇರು ಒಣಗಿತ್ತು, ಗಟ್ಟಿಯಿತ್ತು, ಕೊಳೆ ಇರಲಿಲ್ಲ. ಕಾಲ ಮುಗಿದು ಸತ್ತ ಗಿಡಗಳು ಅವು. ಮಂಡಿಯೂರಿ ಕುಳಿತು ಮನೆಯ ಕಡೆಯ ಅರ್ಧವನ್ನು ನೋಡಿ ಎಂದೆ. ಉಗುರಿನಷ್ಟು ಗಾತ್ರದ ಬೂದು ಚುಕ್ಕೆಗಳು, ಸತ್ತ ಗಿಡಗಳ ಬುಡದಲ್ಲಿ, ಕಲ್ಲಿನ ಸಂದಿನಲ್ಲಿ, ಎಲ್ಲೆಡೆ. ಅವರು ಬೆರಳಿಟ್ಟು ಎಣಿಸತೊಡಗಿದರು, ಅರವತ್ತಕ್ಕೆ ಬಿಟ್ಟರು. ಕತ್ತರಿಯಾಡಿದ ರಸ್ತೆಯ ಕಡೆಯಲ್ಲಿ ಐದೇ ಐದು.

ಆ ದಿನದಿಂದ ಅವರು ಗಿಡ ಎಣಿಸುವುದನ್ನು ಬಿಟ್ಟರು. ಜೂನ್ ಕಳೆಯುವ ತನಕ ಕತ್ತರಿ, ಆಮೇಲಿನ ಹೂವೆಲ್ಲ ಬೀಜಕ್ಕೆ: ಇದು ಅವರೇ ಮಾಡಿಕೊಂಡ ನಿಯಮ, ಎರಡೂ ಅರ್ಧಕ್ಕೆ. ಬೀಜ ಬಿಟ್ಟ ಮೇಲೆ ಹಕ್ಕಿ, ಇರುವೆಗಳೂ ಪಾಲು ಕೇಳುತ್ತವೆ, ಕೊಟ್ಟು ಮಿಗುವಷ್ಟಿದೆ.

ಅದೇ ವಸಂತದಲ್ಲಿ ಹೂತಲೆಗಳೊಳಗೆ ಹುಳು ಕಂಡವು. ಸ್ಕಿನಿಯಾ ಮಿನಿಯಾನಾ ಎಂಬ ಪತಂಗದ ಮರಿಹುಳುಗಳು. ಡೆಸರ್ಟ್ ಮಾರಿಗೋಲ್ಡ್ ಪತಂಗ ಎಂದೇ ಅದರ ರೂಢಿಯ ಹೆಸರು, ಅದರ ಮರಿ ತಿನ್ನುವುದು ಈ ಹೂವನ್ನೇ. ಮೂರು ವರ್ಷದ ಹಿಂದಿನ ಮನೆಯೊಡತಿಯಾಗಿದ್ದರೆ ಸಂಜೆಯೊಳಗೆ ಔಷಧ ತಂದಿರುತ್ತಿದ್ದರು. ಈಗ ಚಿತ್ರ ಕಳಿಸಿ ಕೇಳಿದರು, ಇದು ಬರಬೇಕಾದದ್ದೇ ತಾನೆ ಎಂದು. ಹೌದು ಎಂದೆ. ಕೆಲವು ಹೂ ಹಾಳಾದವು. ಪತಂಗ ಮಾತ್ರ ಆ ಅಂಗಳದ ದಾರಿ ಕಂಡುಕೊಂಡಿತು, ನನಗೆ ಅದು ಮೂವತ್ತೊಂದು ಗಿಡಕ್ಕಿಂತ ದೊಡ್ಡ ಗೆಲುವಾಗಿ ಕಂಡಿತು.

ಕುರಿ, ಆಡು ಸಾಕುವವರು ಈ ಗಿಡದ ವಿಷಯದಲ್ಲಿ ಎಚ್ಚರದಿಂದಿರಬೇಕು, ಅವಕ್ಕೆ ಇದು ವಿಷ. ಈ ಮನೆಯಲ್ಲಿ ಆ ಮಾತು ಬರಲಿಲ್ಲ.

ಈಗ

2019ರಲ್ಲಿ ನೆಟ್ಟ ಹನ್ನೆರಡರಲ್ಲಿ ಒಂದೂ ಇಲ್ಲ. ದಾರಿಯಂಚಿನ ಕೊನೆಯ ಗಿಡ 2022ರ ಚಳಿಗಾಲದಲ್ಲಿ ಹೋಯಿತು. 2024ರ ಮಾರ್ಚಿನಲ್ಲಿ ಹೋದಾಗ ದಿಬ್ಬದ ಹನಿ ನಳಿಕೆಯನ್ನು ಬಿಚ್ಚಿ ತುದಿಗೆ ಮುಚ್ಚಳ ಹಾಕಿದ್ದರು. ಮೂರು ವಾರದ ನೀರನ್ನೂ ನಿಲ್ಲಿಸಿ ವರ್ಷವಾಗಿತ್ತು. ತೀರಾ ಒಣಗಿದ ಜೂನ್‌ನಲ್ಲಿ ಒಂದೇ ಒಂದು ಸಲ ಕೊಳವೆ ಹಿಡಿದರಂತೆ.

ದಾರಿಯಂಚಿನಲ್ಲಿ, ಹಳೆಯ ಮೂರು ಗಿಡಗಳಿದ್ದ ಜಾಗದ ಪಕ್ಕ, ಕಾಂಕ್ರೀಟು ಬಿರುಕುಬಿಟ್ಟ ಸಂದಿನಲ್ಲಿ ಒಂದು ಸಸಿ ಎದ್ದಿತ್ತು. ಕಾರಿನ ಚಕ್ರ ಅದರಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ದಿಬ್ಬಕ್ಕೆ ಸಾಗಿಸೋಣವೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವರು ಬಗ್ಗಿ ಬಿರುಕಿನ ಮಣ್ಣಿಗೆ ಬೆರಳು ಇಳಿಸಿದರು, ಒಣಗಿತ್ತು. “ಇಲ್ಲೇ ಇರಲಿ, ಕಾರನ್ನು ಆ ಕಡೆ ನಿಲ್ಲಿಸುತ್ತೇನೆ” ಎಂದರು.